ಹನ್ನೊಂದನೇ ಪಾಠ

"ಇದು ನಿಮ್ಮ ಹತ್ರಾನೇ ಇರಲಿ ಸರ್," ಎಂದು ಹುಡುಗಿ ದಪ್ಪನೆಯ ನೋಟುಪುಸ್ತಕವೊಂದನ್ನು ಸೂಕ್ಷ್ಮದರ್ಶಕದ ಪಕ್ಕದಲ್ಲಿಟ್ಟಳು. "ನನಗಿನ್ನು ಬೇಕಾಗಲ್ಲ."

ವಿಜ್ಞಾನದ ಮೇಷ್ಟ್ರು ತಕ್ಷಣ ತಲೆಯೆತ್ತಲಿಲ್ಲ. ಅವರ ಬಲಗಣ್ಣು ಕೊಳದ ನೀರಿನ ಹನಿಯೊಂದರಲ್ಲಿ ಮುಳುಗಿತ್ತು. ಅಲ್ಲಿ, ಹಸಿರು ಬೆಳಕಿನೊಳಗೆ, ನೂಲಿನೆಳೆಯಂಥ ಹೈಡ್ರಾ ಒಂದು ತನ್ನ ಪಕ್ಕೆಯಲ್ಲಿ ಮೂಡಿದ ಮರಿಯನ್ನು ಹೊತ್ತುಕೊಂಡು ಅತ್ತಿತ್ತ ತೂಗುತ್ತಿತ್ತು. ಮರಿಗೆ ಆಗಲೇ ಪುಟ್ಟ ಕೈಗಳು ಬಂದಿದ್ದವು. ತಾಯಿ ಚಾಚಿದತ್ತ ಅದೂ ಚಾಚುತ್ತಿತ್ತು. ಇವತ್ತೋ ನಾಳೆಯೋ ಕಳಚಿಕೊಳ್ಳಬೇಕು. ಬೆಳಗಿನಿಂದ ಬಿಡುವಾದಾಗಲೆಲ್ಲ ಮೇಷ್ಟ್ರು ಬಂದು ಅದನ್ನು ನೋಡಿ ಹೋಗುತ್ತಿದ್ದರು. ತೆರೆದಿಟ್ಟ ಊಟದ ಡಬ್ಬಿ ಆರಿ ತಣ್ಣಗಾಗಿತ್ತು.

ಅವರು ತಲೆಯೆತ್ತುವ ಹೊತ್ತಿಗೆ ಹುಡುಗಿ ಬಾಗಿಲು ದಾಟಿದ್ದಳು. ನೋಟುಪುಸ್ತಕ ತೆರೆದರು. ಪುಟಪುಟಕ್ಕೂ ಹಕ್ಕಿಯ ಗರಿಗಳು, ಒಂದೊಂದರ ಕೆಳಗೂ ಗುಂಡು ಅಕ್ಷರದ ಒಂದು ಸಾಲು. 'ನೀರಿನ ಟ್ಯಾಂಕಿನ ಹತ್ತಿರ. ಬೆಳಗ್ಗೆ ಏಳು. ಇಬ್ಬನಿ ಇತ್ತು.' 'ಅಪ್ಪನ ಬ್ಯಾಗಿನ ಮೇಲೆ ಬಿದ್ದಿತ್ತು. ಪಾರಿವಾಳ ಇರಬೇಕು.' ಈ ಗರಿಗಳ ಹುಚ್ಚಿನಿಂದಲೇ ತರಗತಿಯಲ್ಲಿ ಅವಳಿಗೆ ಪುಕ್ಕಿ ಎಂದು ಹೆಸರು ಬಿದ್ದಿತ್ತು. ಪುಕ್ಕಲು ಸ್ವಭಾವಕ್ಕೆ ಬಂದ ಹೆಸರಲ್ಲ. ಎಂಟನೇ ತರಗತಿಯ ಆರು ಹುಡುಗಿಯರಲ್ಲಿ ಹಲ್ಲಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬಿಟ್ಟು ಬರುವ ಎದೆಗಾರಿಕೆ ಇದ್ದದ್ದು ಅವಳೊಬ್ಬಳಿಗೇ.

ಎರಡು ವರ್ಷ ಕೂಡಿಸಿದ್ದನ್ನು ಯಾಕೆ ಕೊಟ್ಟಳು ಎಂದು ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. ಆ ಯೋಚನೆ ಒಂದು ಗರಿಯ ನೀಲಿಯ ಮೇಲೆ ಜಾರಿ ಎಲ್ಲೋ ಹೋಯಿತು. ಅವರು ಹಾಗೇ. ಪಾಠ ಹೇಳುತ್ತ ಹೇಳುತ್ತ ಕಿಟಕಿಯಾಚೆ ಕಣ್ಣು ಹೋದರೆ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ನಿಂತುಬಿಡುವರು. ಮಕ್ಕಳು ಅವರಿಗೆ ಮೋಡ ಎಂದು ಹೆಸರಿಟ್ಟಿದ್ದರು. "ಮೋಡ ಹೊರಟಿತು," ಎಂದು ಹಿಂದಿನ ಬೆಂಚು ಪಿಸುಗುಟ್ಟುವುದು, ಇಡೀ ತರಗತಿ ಸುಮ್ಮನೆ ಕಾಯುವುದು, ಒಂದೆರಡು ನಿಮಿಷಕ್ಕೆ ಮೇಷ್ಟ್ರು ತೇಲಿ ವಾಪಸು ಬಂದು ಬಿಟ್ಟ ಪದದಿಂದಲೇ ಮುಂದುವರಿಸುವುದು ವರ್ಷಗಳಿಂದ ನಡೆದು ಬಂದಿತ್ತು. ಯಾರಿಗೂ ಅದರಿಂದ ಬೇಸರವಿರಲಿಲ್ಲ.

ಮಧ್ಯಾಹ್ನದ ಮೊದಲ ಅವಧಿ ಎಂಟನೇ ತರಗತಿ. ಹನ್ನೊಂದನೇ ಪಾಠ: ಜೀವಿಗಳ ಸಂತಾನೋತ್ಪತ್ತಿ. ಈ ಪಾಠದ ಮೊದಲ ಅರ್ಧವನ್ನು ಮೇಷ್ಟ್ರಷ್ಟು ಚೆನ್ನಾಗಿ ಹೇಳುವವರು ಸುತ್ತಮುತ್ತ ಇರಲಿಲ್ಲ. ಬಿಸಿಲು ಬೆಂಚುಗಳ ಮೇಲೆ ಮಲಗಿತ್ತು. ಸಕ್ಕರೆ ನೀರಿನಲ್ಲಿ ನೆನೆಸಿಟ್ಟ ಯೀಸ್ಟು ಗಾಜಿನ ಲೋಟದಲ್ಲಿ ಗುಳುಗುಳು ಎನ್ನುತ್ತಿತ್ತು. ವಾರದ ಹಿಂದೆ ಒದ್ದೆ ಮಾಡಿ ಮುಚ್ಚಿಟ್ಟ ಬ್ರೆಡ್ಡಿನ ಚೂರಿನ ಮೇಲೆ ಬೂಸ್ಟು ಬೂದು ತುಪ್ಪಳದಂತೆ ಬೆಳೆದಿತ್ತು. ಮೇಷ್ಟ್ರು ಮುಚ್ಚಳ ತೆಗೆದು ಮೆಲ್ಲಗೆ ಊದಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಾಣುಗಳು ಬಿಸಿಲಿನ ಕೋಲಿನೊಳಗೆ ಹೊಗೆಯಂತೆ ಎದ್ದವು. ಆಮೇಲೆ ಕುಂಬಳದ ಗಂಡು ಹೂವನ್ನು ಎತ್ತಿ ಹಿಡಿದು, ಅದರ ಹಳದಿ ಪುಡಿಯನ್ನು ಬೆರಳ ತುದಿಗೆ ತೆಗೆದುಕೊಂಡು, ಹೆಣ್ಣು ಹೂವಿನ ಶಲಾಕೆಯ ತುದಿಗೆ ಸವರಿದರು. ಆ ಒಂದು ಕಣದಿಂದ ಒಂದು ನಳಿಕೆ ಹೊರಟು ಕತ್ತಲಲ್ಲಿ ದಾರಿ ಹುಡುಕಿಕೊಂಡು ಕೆಳಗೆ ಅಂಡದವರೆಗೆ ಇಳಿಯುತ್ತದೆ ಎಂದರು. ಅವರ ದನಿ ತೂಕಡಿಸುವ ಹೊತ್ತಿನಲ್ಲಿ ಯಾರೋ ದೂರದ ಕೋಣೆಯಲ್ಲಿ ಹಾಡಿದಂತಿತ್ತು.

ಪುಕ್ಕಿ ಕೈಯೆತ್ತಿದಳು. ಯಾವತ್ತೂ ಕಿಟಕಿಯ ಪಕ್ಕ ಕೂರುವವಳು ಇವತ್ತು ಗೋಡೆಯ ಕಡೆ ಕೂತಿದ್ದಳು. ಕಿಟಕಿಯ ಜಾಗ ಗೆಳತಿಗೆ ಬಿಟ್ಟುಕೊಟ್ಟಿದ್ದಳು.

"ಸರ್, ಅಮೀಬಾ ಒಡೆದು ಎರಡಾದಾಗ, ಮೊದಲು ಇದ್ದಿದ್ದು ಸತ್ತ ಹಾಗಾ?"

ಮೇಷ್ಟ್ರಿಗೆ ಖುಷಿಯಾಯಿತು. ಹೆಣ ಇಲ್ಲದಿದ್ದ ಮೇಲೆ ಸಾವು ಎನ್ನುವುದು ಹೇಗೆ, ಇದ್ದದ್ದೆಲ್ಲ ಎರಡು ಮಕ್ಕಳಿಗೂ ಹಂಚಿಹೋಗುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ ಎಂದು ವಿವರಿಸಿದರು. ಹುಡುಗಿ ಗಂಭೀರವಾಗಿ ತಲೆಯಾಡಿಸಿ, "ಎಲ್ಲಾ ಹಂಚಿಬಿಡೋದು," ಎಂದು ತನಗೆ ತಾನೇ ಹೇಳಿಕೊಂಡು ಕೂತಳು.

ಮುಂದಿನದ್ದು ಮನುಷ್ಯರ ಭಾಗ. ಮೇಷ್ಟ್ರು ಗಡಿಯಾರ ನೋಡಿದರು, ಕೆಮ್ಮಿದರು, ಇಪ್ಪತ್ತಾರು ವರ್ಷ ಹೇಳಿದ ಮಾತನ್ನೇ ಹೇಳಿದರು: ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ, ನಾಳೆಯಿಂದ ಹನ್ನೆರಡನೇ ಪಾಠ. ಯಾರೂ ಏನೂ ಕೇಳಲಿಲ್ಲ. ಓದಿಕೊಳ್ಳಲು ಉಳಿದದ್ದು ಇರಲೂ ಇಲ್ಲ. ಶಾಲೆಯಿಂದ ಎರವಲು ಕೊಡುವ ಆ ಪುಸ್ತಕಗಳಲ್ಲಿ ನೂರ ನಲವತ್ತಮೂರನೇ ಪುಟದಿಂದ ನೂರ ಐವತ್ತರವರೆಗೆ ನಾಲ್ಕು ಹಾಳೆಗಳನ್ನು ಬುಡಕ್ಕೆ ಬ್ಲೇಡು ಹಾಕಿ ತೆಗೆಯಲಾಗಿತ್ತು. ಹಿಂದಿನ ಮುಖ್ಯೋಪಾಧ್ಯಾಯರ ಕಾಲದಲ್ಲಿ ಶುರುವಾದ ಪದ್ಧತಿ ಅದು. ಹೊಸ ಪುಸ್ತಕದ ಕಟ್ಟು ಬಂದಾಗಲೆಲ್ಲ ರಜೆಯ ದಿನ ಅವರು ಕೂತು ಕತ್ತರಿಸುತ್ತಿದ್ದರು. ಒಂದೊಂದೇ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟು, ಮುಗಿದದ್ದನ್ನು ಜೋಡಿಸಿಟ್ಟವರು ವಿಜ್ಞಾನದ ಮೇಷ್ಟ್ರೇ.

ಸಂಜೆ ಮನೆಯಲ್ಲಿ ಮೇಷ್ಟ್ರು ಮತ್ತು ಅವರ ಅಕ್ಕ ಅಡುಗೆಮನೆಯ ಮೇಜಿನ ಎದುರುಬದುರು ಕೂತು ಬಟಾಣಿ ಬಿಡಿಸುತ್ತಿದ್ದರು. ಮೇಷ್ಟ್ರು ಮದುವೆಯಾಗಿರಲಿಲ್ಲ. ಅಕ್ಕನ ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಹೆರಿಗೆ ವಾರ್ಡಿನಲ್ಲಿ ಮೂವತ್ತಾರು ವರ್ಷ ನರ್ಸಾಗಿದ್ದು ನಿವೃತ್ತಳಾದ ಮೇಲೆ ಅವಳು ತಮ್ಮನ ಮನೆಗೆ ಬಂದು ಸೇರಿದ್ದಳು. ಊರಿನ ಅರ್ಧ ಜನ ತನ್ನ ಕೈಯಲ್ಲೇ ಮೊದಲು ಅತ್ತವರು ಎಂಬುದು ಅವಳ ಒಂದೇ ಜಂಬ. ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಡದಿದ್ದರೆ ಅದನ್ನೇ ಹೇಳಿ ಎಬ್ಬಿಸುವಳು.

ಎಂದಿನಂತೆ ಮನುಷ್ಯರ ಭಾಗ ಬಿಟ್ಟು ಹನ್ನೊಂದನೇ ಪಾಠ ಮುಗಿಸಿದ್ದನ್ನು ಹೇಳಿ, ಮೇಷ್ಟ್ರು ಗರಿಯ ಪುಸ್ತಕದ ವಿಷಯ ತೆಗೆದರು. ವಿಚಿತ್ರವಾದ ಹುಡುಗಿ, ಮೊನ್ನೆ ಕಂಪಾಸು ಪೆಟ್ಟಿಗೆಯನ್ನು ಪಕ್ಕದವಳಿಗೆ ಕೊಟ್ಟಳಂತೆ, ಕಿಟಕಿಯ ಜಾಗವನ್ನೂ ಬಿಟ್ಟಳು, ಇದೀಗ ಈ ಗರಿಗಳು. ದೊಡ್ಡ ಮನಸ್ಸು ಎಂದು ಮೆಚ್ಚಿಕೊಂಡೇ ಹೇಳಿದರು.

ಅಕ್ಕನ ಬೆರಳು ಬಟಾಣಿಯ ಸಿಪ್ಪೆಯೊಳಗೆ ನಿಂತಿತು. ಹುಡುಗಿಗೆ ಎಷ್ಟು ವರ್ಷ ಎಂದು ಕೇಳಿದಳು. ಹನ್ನೆರಡು ದಾಟಿರಬೇಕು. ಮನೆಯಲ್ಲಿ ಯಾರಿದ್ದಾರೆ? ತಂದೆ ಲಿಫ್ಟ್ ರಿಪೇರಿ ಮಾಡುವವನು. ತಾಯಿ ಅವಳು ನಾಲ್ಕು ವರ್ಷದವಳಿದ್ದಾಗ ಹೊಟ್ಟೆಯಲ್ಲಿ ಏನೋ ಆಗಿ ಹೋದಳಂತೆ. ಬೇರೆ ಹೆಂಗಸರಿಲ್ಲ. ಆಟದ ಪೀರಿಯಡ್ಡಿನಲ್ಲಿ ಓಡುತ್ತಾಳಾ? ಮೇಷ್ಟ್ರು ಯೋಚಿಸಿದರು. ಈ ವಾರ ಕಟ್ಟೆಯ ಮೇಲೆ ಕೂತಿದ್ದನ್ನು ಕಂಡ ನೆನಪು. ಈ ಸೆಖೆಯಲ್ಲೂ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡಿರುತ್ತಾಳಾ?

"ಹೌದು," ಎಂದರು ಮೇಷ್ಟ್ರು. "ನಿನಗೆ ಹೇಗೆ ಗೊತ್ತು?"

ಅಕ್ಕ ಕೈಯೊರೆಸಿಕೊಂಡಳು. "ಲೋ, ಆ ಮಗು ತಾನು ಸಾಯ್ತೀನಿ ಅಂದ್ಕೊಂಡಿದೆ."

"ಯಾವುದರಿಂದ?"

"ನೀನು ಬಿಟ್ಟ ಪಾಠದಿಂದ."

ಬಟ್ಟಲಿನಲ್ಲಿ ಬಟಾಣಿಗಳು ಹಸಿರಾಗಿ ಕೂತಿದ್ದವು. ಮೇಷ್ಟ್ರಿಗೆ ಮೊದಲು ಮಾತು ಕೇಳಿಸಿತು, ಅರ್ಥ ಆಮೇಲೆ ಬಂತು. ಪುಸ್ತಕದಲ್ಲಿ ಆ ಹಾಳೆಗಳಾದರೂ ಇರಬೇಕಲ್ಲ, ಓದಿಕೊಂಡಿರಬಹುದಲ್ಲ ಎಂದಳು ಅಕ್ಕ. ಮೇಷ್ಟ್ರು ಹಾಳೆಗಳ ಕಥೆ ಹೇಳಿದರು. ತಾನು ಪುಸ್ತಕ ಜೋಡಿಸಿ ಕೊಟ್ಟದ್ದನ್ನೂ ಮುಚ್ಚಿಡಲಿಲ್ಲ. ಬೈಯುವಳು ಎಂದುಕೊಂಡಿದ್ದರು. ಅವಳು ಬೈಯಲಿಲ್ಲ. ಅವರನ್ನು ಮೊದಲ ಸಲ ನೋಡುವವಳಂತೆ ಸ್ವಲ್ಪ ಹೊತ್ತು ನೋಡಿ, ಉಳಿದ ಬಟಾಣಿಯನ್ನು ಒಬ್ಬಳೇ ಬಿಡಿಸಿ ಮುಗಿಸಿದಳು. ಪುಕ್ಕಿಯ ಮನೆ ಎಲ್ಲಿ ಎಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಬೆಳಗಾಗುವವರೆಗೆ ಕಾಯುವುದಲ್ಲದೆ ಬೇರೆ ದಾರಿಯಿರಲಿಲ್ಲ.

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು, ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಪ್ರಾರ್ಥನೆ ಮುಗಿದೊಡನೆ ಮೇಷ್ಟ್ರು ಪುಕ್ಕಿಯನ್ನು ಪ್ರಯೋಗಶಾಲೆಗೆ ಕರೆದುಕೊಂಡು ಬಂದು ಬಿಟ್ಟು, ತಾವು ಜಗುಲಿಯಲ್ಲಿ ಉಳಿದರು. ಕಿಟಕಿಯ ಗಾಜು ಹಳೆಯದು, ಅಲೆಅಲೆಯಾಗಿತ್ತು. ಅದರಾಚೆ ಇಬ್ಬರೂ ನೀರಿನೊಳಗೆ ಕೂತವರಂತೆ ಕಾಣುತ್ತಿದ್ದರು. ಮಾತು ಹೊರಗೆ ಬರುತ್ತಿರಲಿಲ್ಲ. ಅಕ್ಕ ಮೇಜಿನ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದಳು. ಹುಡುಗಿ ಮೊದಮೊದಲು ಗೋಡೆಯ ಅಸ್ಥಿಪಂಜರದ ಚಿತ್ರವನ್ನೇ ನೋಡುತ್ತಿದ್ದಳು. ಆಮೇಲೆ ಅಕ್ಕನ ಬೆರಳನ್ನು ನೋಡತೊಡಗಿದಳು. ಆಮೇಲೆ ಅವಳ ತಲೆ ಮೆಲ್ಲನೆ ಮುಂದೆ ಬಾಗಿ ಮೇಜಿಗೆ ತಾಗಿತು. ಭುಜಗಳು ಕುಲುಕುತ್ತಿದ್ದವು.

ಒಳಗೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಮಂಗಳವಾರ ಬೆಳಗ್ಗೆ ಶುರುವಾಗಿತ್ತಂತೆ, ಹೊಟ್ಟೆನೋವು, ರಕ್ತ. ಅಮ್ಮನಿಗೂ ಹೊಟ್ಟೆಯಲ್ಲಿ ಹೀಗೇ ಆಗಿತ್ತು ಎಂದು ಅವಳು ಕೇಳಿ ಬಲ್ಲಳು. ಅದೇ ಬಂತು ಎಂದುಕೊಂಡಳು. ಎಷ್ಟು ದಿನ ಉಳಿದಿದೆಯೋ ಎಂದು ಲೆಕ್ಕ ಹಾಕಿ, ಯಾರ್ಯಾರಿಗೆ ಏನೇನು ಎಂದು ಗೊತ್ತು ಮಾಡಿಕೊಂಡಿದ್ದಳು. ಗರಿಗಳನ್ನು ಜೋಪಾನ ಮಾಡಬಲ್ಲವರು ಮೇಷ್ಟ್ರೊಬ್ಬರೇ ಎನ್ನಿಸಿತ್ತು. ಹಳೆಯ ಸ್ಕಾರ್ಫು ಹರಿದು ಬಟ್ಟೆ ಮಾಡಿಕೊಂಡು, ಅದನ್ನು ಅಪ್ಪ ಕೆಲಸಕ್ಕೆ ಹೋದ ಮೇಲೆ ಒಗೆದು, ಹಾಸಿಗೆಯ ಅಡಿಯಲ್ಲಿ ಒಣಗಿಸುತ್ತಿದ್ದಳು. ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಅಕ್ಕ ಕೇಳಿದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು.

"ಅಪ್ಪಂಗೆ ಒಂದ್ಸಲ ಆಗಿದೆಯಲ್ಲಾ ಅಜ್ಜಿ. ಕೊನೇ ದಿನ ಗೊತ್ತಾದ್ರೆ ಸಾಕು ಅಂದ್ಕೊಂಡೆ."

ಮೂವತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ಕಣ್ಣೊರೆಸಿಕೊಳ್ಳದ ತಾನು ಅಲ್ಲಿ ಸೆರಗು ಹುಡುಕಬೇಕಾಯಿತು ಎಂದಳು ಅಕ್ಕ.

ಜಗುಲಿಯಲ್ಲಿದ್ದ ಮೇಷ್ಟ್ರಿಗೆ ಕೇಳಿಸಿದ್ದು ಕೊನೆಯದೊಂದೇ. ಬಾಗಿಲು ಅರೆ ತೆರೆದು ಹುಡುಗಿ ಹೊರಗೆ ಬರುತ್ತ, ಹೊಸ್ತಿಲಲ್ಲಿ ನಿಂತು ತಿರುಗಿ ಕೇಳಿದಳು:

"ಹಾಗಾದ್ರೆ ನಾನು ಸಾಯಲ್ವಾ?"

"ಸಾಯ್ತೀಯ," ಎಂದಳು ಅಕ್ಕ, ಚೀಲದ ಬಾಯಿ ಕಟ್ಟುತ್ತ. "ಎಂಬತ್ತು ದಾಟಿದ ಮೇಲೆ. ಅಷ್ಟರಲ್ಲಿ ಬೇಕಾದಷ್ಟು ಕೆಲಸ ಇದೆ, ಹೋಗು."

ಹುಡುಗಿ ಮೇಷ್ಟ್ರ ಮುಂದೆ ಬಂದು ನಿಂತಳು. ಅವರು ಗರಿಯ ಪುಸ್ತಕವನ್ನು ಎರಡೂ ಕೈಯಿಂದ ಅವಳಿಗೆ ಕೊಟ್ಟರು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಬಂದದ್ದು, ಹದಿನೇಳನೇ ಪುಟದ್ದು ಪಾರಿವಾಳದ ಗರಿಯಲ್ಲ, ಕೋಗಿಲೆಯದು ಇರಬೇಕು ಎಂಬ ಮಾತು. ಹುಡುಗಿ ಅಲ್ಲೇ ಪುಟ ತೆರೆದು ನೋಡಿ, ಇರಬಹುದು ಎಂದು ಒಪ್ಪಿಕೊಂಡು, ತರಗತಿಯ ಕಡೆ ಮೊದಲು ನಡೆದಳು, ಆಮೇಲೆ ಓಡಿದಳು.

ಹನ್ನೊಂದು ಗಂಟೆಗೆ ಅವಳ ತಂದೆ ಬಂದ. ಅಕ್ಕನೇ ಹೇಳಿಕಳಿಸಿದ್ದಳು. ಕೈಯಲ್ಲಿ ಗ್ರೀಸಿನ ಕರೆ, ಸೊಂಟದಲ್ಲಿ ಸ್ಪ್ಯಾನರುಗಳ ಪಟ್ಟಿ. ಎಲ್ಲ ಕೇಳುವ ತನಕ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದ. ಆಮೇಲೆ, ಏನೇನು ತರಬೇಕು, ಯಾವ ಅಂಗಡಿಯಲ್ಲಿ ಸಿಗುತ್ತದೆ, ತಿಂಗಳಿಗೆ ಎಷ್ಟು, ಒಂದು ಚೀಟಿಯಲ್ಲಿ ಬರೆದುಕೊಡಿ ಎಂದ. ಅಕ್ಕ ಬರೆದುಕೊಟ್ಟಳು. ಅವನು ಎರಡು ಸಲ ಓದಿ, ಬಿಡಿಭಾಗಗಳ ಪಟ್ಟಿಯಂತೆ ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗೆ ಹಾಕಿಕೊಂಡು, ಗುಂಡಿ ಹಾಕಿಕೊಂಡ.

ಶಾಲೆ ಬಿಟ್ಟ ಮೇಲೆ ಅಕ್ಕ ತಮ್ಮ ಇಬ್ಬರೂ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ರಸ್ತೆ ಬಿಸಿಲಿಗೆ ಕರಗಿ ದೂರದಲ್ಲಿ ನೀರಾಗಿ ಹೊಳೆಯುತ್ತಿತ್ತು. ಬಸ್ಸುಗಳು ಆ ನೀರಿನಿಂದ ಮೇಲೆದ್ದು ಬರುತ್ತಿದ್ದವು. ಮೊದಲ ಬಸ್ಸು ಬಂತು. ಅಕ್ಕ ಎದ್ದಳು. ಮೇಷ್ಟ್ರು ಏಳಲಿಲ್ಲ.

"ಅಕ್ಕಾ, ನಾನು ದಾರೀಲಿ ನಿಂತಿದ್ದೆ," ಎಂದರು.

ಯಾವ ದಾರಿ ಎಂದು ಅಕ್ಕನಿಗೆ ತಿಳಿಯಲಿಲ್ಲ. ಅವಳು ಮತ್ತೆ ಕೂತಳು. ಬಸ್ಸು ಹೋಯಿತು.

ಮೇಷ್ಟ್ರು ನಿಧಾನವಾಗಿ ಹೇಳಿದರು. ಅಮ್ಮನಿಗೆ ನೋವು ಶುರುವಾದ ದಿನ. ತನಗೆ ಒಂಬತ್ತು ವರ್ಷ. ಓಡಿಹೋಗಿ ಸೂಲಗಿತ್ತಿಯನ್ನು ಕರೆದುಕೊಂಡು ಬಾ ಎಂದು ಚಿಕ್ಕಮ್ಮ ಕಳಿಸಿದಳು. ಇಟ್ಟಿಗೆ ಭಟ್ಟಿಯ ಹಿಂದಿನ ಹಳ್ಳ ದಾಟಿ ಹೋಗಬೇಕು. ಹಳ್ಳದಲ್ಲಿ ಕಪ್ಪೆಯ ಮೊಟ್ಟೆಗಳು ತೇಲುತ್ತಿದ್ದವು, ಗಾಜಿನ ಮಣಿಗಳ ಸರದ ಹಾಗೆ, ಒಂದೊಂದು ಮಣಿಯಲ್ಲೂ ಒಂದು ಕಪ್ಪು ಚುಕ್ಕೆ. ಒಂದು ಚುಕ್ಕೆ ಹೊರಳಿತು. ಆಮೇಲೆ ಇನ್ನೊಂದು. ತಾನು ಮೊಣಕಾಲೂರಿ ಕೂತುಬಿಟ್ಟ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಕೂತಾಗ ಭಟ್ಟಿಯ ನೆರಳು ಆಚೆ ದಡದಲ್ಲಿತ್ತು, ಎದ್ದಾಗ ನೀರಿನ ಮೇಲೆ ಬಂದಿತ್ತು. ಸೂಲಗಿತ್ತಿ ಬಂದಳು, ಬೇಗ ಬೇಗ ನಡೆದೇ ಬಂದಳು. ಆದರೆ ಮನೆಯಲ್ಲಿ ಎಲ್ಲ ಮುಗಿದಿತ್ತು. ಅಮ್ಮನೂ ಇಲ್ಲ, ಒಳಗಿದ್ದದ್ದೂ ಇಲ್ಲ. ಪಕ್ಕದ ಮನೆಯವರು ತನ್ನನ್ನು ಕರೆದುಕೊಂಡು ಹೋಗಿ ಒಂದು ಪುಸ್ತಕ ಕೊಟ್ಟು ಚಿತ್ರ ನೋಡು ಎಂದರು. ಏನಾಯಿತು ಎಂದು ಯಾರೂ ಹೇಳಲಿಲ್ಲ, ತಾನೂ ಕೇಳಲಿಲ್ಲ. ಆಮೇಲೆ ಜೀವಶಾಸ್ತ್ರವನ್ನೇ ಓದಿದ, ಆ ಮಣಿಗಳ ಮೇಲಿನ ಆಸೆ ಹೋಗಲೇ ಇಲ್ಲ. ಆದರೆ ಪಾಠದಲ್ಲಿ ಆ ಪುಟ ಹತ್ತಿರ ಬಂದರೆ ಕೈ ತಣ್ಣಗಾಗುತ್ತದೆ.

ಎರಡನೇ ಬಸ್ಸು ಬಂದು ನಿಂತು, ಯಾರೂ ಹತ್ತದ್ದನ್ನು ಕಂಡು ಹೊರಟುಹೋಯಿತು. ಅಕ್ಕ ತಮ್ಮನ ಕಡೆ ತಿರುಗದೆ, ಎದುರಿನ ಗೋಡೆಯನ್ನೇ ನೋಡುತ್ತ ಮಾತಾಡಿದಳು.

"ಮಾಸು ಗರ್ಭದ ಬಾಯಿಗೇ ಅಡ್ಡ ಕೂತಿತ್ತು ಕಣೋ. ಮಗು ಹೊರಗೆ ಬರೋ ದಾರೀಲೇ. ಹಾಗಾದಾಗ ನೋವು ಬಂತು ಅಂದ್ರೆ ರಕ್ತ ನಿಲ್ಲಲ್ಲ. ದೊಡ್ಡಾಸ್ಪತ್ರೆಯ ಆಪರೇಷನ್ ಟೇಬಲ್ ಮೇಲೆ ಇದ್ದಿದ್ರೆ, ಪಕ್ಕದಲ್ಲಿ ರಕ್ತದ ಬಾಟಲಿ ಇದ್ದಿದ್ರೆ, ಏನಾದ್ರೂ ಆಗ್ತಿತ್ತೋ ಏನೋ. ಸೂಲಗಿತ್ತಿ ನಮ್ಮನೇ ಬಾಗಿಲಲ್ಲೇ ಕೂತಿದ್ರೂ ಅವಳ ಕೈಲಿ ಏನೂ ಆಗ್ತಿರಲಿಲ್ಲ."

"ನಿನಗೆ ಯಾವಾಗ ಗೊತ್ತಾಯ್ತು?"

"ನರ್ಸಿಂಗ್ ಎರಡನೇ ವರ್ಷ. ಅಲ್ಲೀತನಕ ನಾನು ಅಂದ್ಕೊಂಡಿದ್ದೆ ನನ್ನಿಂದಲೇ ಅಂತ. ಹಿಂದಿನ ದಿನ ನೀರಿನ ಕೊಡ ಎತ್ತಲ್ಲ ಅಂತ ಜಗಳ ಆಡಿದ್ದೆ, ಅಮ್ಮನೇ ಎತ್ಕೊಂಡು ಬಂದ್ಲು." ಅಕ್ಕ ಚೀಲದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಕ್ಲಾಸಲ್ಲಿ ಮೇಡಂ ಚಿತ್ರ ಬರೆದು ತೋರಿಸಿದಾಗ ಎದ್ದು ಹೊರಗೆ ಹೋಗಿ ನಲ್ಲಿ ಕೆಳಗೆ ತಲೆ ಒಡ್ಡಿ ನಿಂತ್ಕೊಂಡೆ. ನಿನಗೆ ಹೇಳ್ಬೇಕು ಅಂತ ಹೊಳೀಲೇ ಇಲ್ಲ. ನೀನೂ ಒಂದು ಹೊತ್ಕೊಂಡು ತಿರುಗ್ತಿದೀಯ ಅಂತ ನಂಗೇನು ಗೊತ್ತು."

ಮೇಷ್ಟ್ರು ನಲವತ್ತಾರು ವರ್ಷ ಒಂದೇ ಭಂಗಿಯಲ್ಲಿ ಹಿಡಿದಿದ್ದ ಏನೋ ಒಂದು ಒಳಗೆ ಸ್ವಲ್ಪ ಸರಿದು ಕೂತಂತಾಯಿತು. ಹಗುರವಾಯಿತು ಎನ್ನುವುದಕ್ಕಿಂತ, ಬಿಡುವಾದ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದಂತಾಯಿತು. ಮೂರನೇ ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಅಕ್ಕ ಕಿಟಕಿಯ ಪಕ್ಕ ಕೂತು ಅರ್ಧ ದಾರಿಗೇ ನಿದ್ದೆ ಹೋದಳು. ಅವಳ ತಲೆ ತಮ್ಮನ ಭುಜಕ್ಕೆ ಒರಗಿ, ತಿರುವಿನಲ್ಲಿ ಆಚೆ ಹೋಗಿ, ಮತ್ತೆ ಈಚೆ ಬರುತ್ತಿತ್ತು.

ಸೋಮವಾರ ಮೇಷ್ಟ್ರು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ, ಇವತ್ತು ಎಂಟನೇ ತರಗತಿಗೆ ಹನ್ನೊಂದನೇ ಪಾಠ ಮುಗಿಸುತ್ತೇನೆ ಎಂದರು. ಆಕೆ ಈ ವರ್ಷವಷ್ಟೇ ಬಂದವರು. ಅದು ಶುಕ್ರವಾರವೇ ಮುಗಿದದ್ದಾಗಿ ದಿನಚರಿಯಲ್ಲಿ ಬರೆದಿದೆಯಲ್ಲ ಎಂದರು. ಇಲ್ಲ, ಇಪ್ಪತ್ತಾರು ವರ್ಷದಿಂದ ಬಾಕಿ ಇದೆ ಎಂದರು ಮೇಷ್ಟ್ರು. ಆಕೆ ಕನ್ನಡಕ ತೆಗೆದು ಅವರನ್ನು ನೋಡಿದರು. ಗಲಾಟೆಯಾದರೆ ಹೇಳಿಕಳಿಸಿ ಎಂದಷ್ಟೇ ಹೇಳಿ, ಮತ್ತೆ ಕನ್ನಡಕ ಹಾಕಿಕೊಂಡರು.

ತರಗತಿಯಲ್ಲಿ ಮೇಷ್ಟ್ರು ಏನೂ ಹೇಳದೆ ಕಪ್ಪು ಹಲಗೆಯ ನಟ್ಟನಡುವೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟರು.

"ಇಲ್ಲಿ ಕೂತಿರೋ ಎಲ್ಲರೂ ಒಂದು ದಿನ ಇಷ್ಟೇ ಇದ್ರಿ. ಇಷ್ಟೂ ಇರಲಿಲ್ಲ. ಈ ಚುಕ್ಕೆಗಿಂತ ಎಷ್ಟೋ ಚಿಕ್ಕವರು."

"ಹೆಡ್ ಮೇಡಮ್ಮೂನಾ ಸರ್?" ಎಂದಿತು ಹಿಂದಿನ ಬೆಂಚು.

"ಅವರೂ ಇಷ್ಟೇ."

ನಗು ಎದ್ದಿತು. ಮೇಷ್ಟ್ರು ಅದು ಮುಗಿಯುವವರೆಗೆ ಕಾದರು. ಆಮೇಲೆ ಬರೆಯತೊಡಗಿದರು. ಹಲಗೆಯ ಮೇಲೆ ಗರ್ಭಕೋಶ ಮೂಡಿತು, ಎರಡು ಕೊಂಬಿನಂಥ ನಾಳಗಳು, ಅವುಗಳ ತುದಿಯಲ್ಲಿ ಎರಡು ಅಂಡಾಶಯ. ಪುಸ್ತಕದಲ್ಲಿ ಹಾಳೆಗಳು ಇಲ್ಲ, ಆದ್ದರಿಂದ ಎಲ್ಲವನ್ನೂ ನೋಡಿ ಬರೆದುಕೊಳ್ಳಿ ಎಂದರು. ಮತ್ತೆ ನಗು ಬಂತು, ಈ ಸಲ ಬೇರೆ ಥರದ್ದು, ಅಂಗೈಯ ಹಿಂದಿನದು. ಮೇಷ್ಟ್ರು ಅದಕ್ಕೂ ಕಾದರು. ಕೈ ತಣ್ಣಗಿತ್ತು, ಆದರೆ ಗೆರೆ ನಡುಗಲಿಲ್ಲ. ಕುಂಬಳದ ಹೂವಿನ ಬಗ್ಗೆ ಹೇಳಿದ ದನಿಯಲ್ಲೇ ಹೇಳಿದರು: ತಿಂಗಳಿಗೊಮ್ಮೆ ಒಂದು ಅಂಡ ಹೊರಡುತ್ತದೆ. ಬರುವವರಿಗಾಗಿ ಗರ್ಭಕೋಶ ತನ್ನ ಒಳಗೋಡೆಗೆ ರಕ್ತದ ಮೆತ್ತನೆ ಹಾಸಿಗೆ ಹಾಸಿಕೊಂಡು ಕಾಯುತ್ತದೆ. ಯಾರೂ ಬರಲಿಲ್ಲವೋ, ಹಾಸಿಗೆಯನ್ನು ತೆಗೆದು ಹಾಕಿ, ಮುಂದಿನ ತಿಂಗಳಿಗೆ ಹೊಸದು ಹಾಸುತ್ತದೆ. ಆ ಹೊರಗೆ ಹೋಗುವುದೇ ಮುಟ್ಟು. ಅದು ಗಾಯವಲ್ಲ, ಕಾಯಿಲೆಯಲ್ಲ. ಮೂರು ದಿನ, ಐದು ದಿನ, ಒಬ್ಬೊಬ್ಬರಿಗೆ ಒಂದೊಂದು ರೀತಿ. ಹೊಟ್ಟೆ ನೋಯಬಹುದು. ತೀರಾ ಹೆಚ್ಚಾದರೆ ವೈದ್ಯರಿಗೆ ಹೇಳಬೇಕು, ಬಚ್ಚಿಡಬಾರದು.

ಹುಡುಗರ ಬಗ್ಗೆಯೂ ಹೇಳಿದರು. ದನಿ ಒಡೆಯುವುದು, ಮೀಸೆಯ ಜಾಗ ಕಪ್ಪಾಗುವುದು, ಬೆಳಗ್ಗೆ ಏಳುವಾಗ ಒಮ್ಮೊಮ್ಮೆ ಬಟ್ಟೆ ಒದ್ದೆಯಾಗಿರುವುದು, ಅದೂ ಕಾಯಿಲೆಯಲ್ಲ ಎಂಬುದು. ಅಷ್ಟು ಹೊತ್ತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಕೊನೆಯ ಬೆಂಚಿನ ಉದ್ದ ಹುಡುಗನೊಬ್ಬ ನಗು ನಿಲ್ಲಿಸಿದ. ಕಿವಿ ಕೆಂಪಾಗಿ, ಬಿಗಿಹಿಡಿದಿದ್ದ ಭುಜಗಳು ಇಳಿದು, ಅವನು ಪೆನ್ನು ತೆಗೆದುಕೊಂಡು ಬರೆಯಲು ಶುರುಮಾಡಿದ. ಆಮೇಲೆ ಯಾರೂ ನಗಲಿಲ್ಲ.

ಚುಕ್ಕೆ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಹಿಪ್ಪುನೇರಳೆ ಹಣ್ಣಿನಂತೆ ಗೊಂಚಲಾಯಿತು. ಬೆನ್ನು ಬಾಗಿದ ಹುರುಳಿಕಾಳಿನಂಥ ಒಂದು ಜೀವವಾಯಿತು. ಮೇಷ್ಟ್ರು ಹೊಕ್ಕುಳಬಳ್ಳಿ ಬರೆದರು. ಬಳ್ಳಿಯನ್ನು ಗರ್ಭಕೋಶಕ್ಕೆ ಹಿಡಿದಿಡುವ ಮಾಸು ಬರೆದರು. ಅದು ಇರಬೇಕಾದ ಜಾಗ ಯಾವುದು, ಒಮ್ಮೊಮ್ಮೆ ಎಲ್ಲಿ ಅಡ್ಡ ಕೂತುಬಿಡುತ್ತದೆ, ಆಗ ಯಾಕೆ ದೊಡ್ಡ ಆಸ್ಪತ್ರೆಯೇ ಬೇಕು ಎಂಬುದನ್ನು ಬೇರೆಯಾಗಿ, ಪಕ್ಕದಲ್ಲಿ, ದೊಡ್ಡದಾಗಿ ಬರೆದು ತೋರಿಸಿದರು. ಪುಸ್ತಕದಲ್ಲಿ ಅದು ಇರಲಿಲ್ಲ. ಬೇರೆಯವರ ಪಾಠದಲ್ಲೂ ಬರುತ್ತಿರಲಿಲ್ಲ.

ಪುಕ್ಕಿ ಕೈಯೆತ್ತಿದಳು.

"ಸರ್, ಒಳಗಿರೋವಾಗ ಮಗುಗೆ ಏನಾದ್ರೂ ಗೊತ್ತಾಗುತ್ತಾ?"

"ಕಾಣಿಸೋದು ಅಷ್ಟಕ್ಕಷ್ಟೇ. ಕೊನೇ ತಿಂಗಳುಗಳಲ್ಲಿ ಕೇಳಿಸುತ್ತೆ. ತಾಯಿಯ ಎದೆಬಡಿತ ಯಾವಾಗಲೂ ಕೇಳಿಸ್ತಾ ಇರುತ್ತೆ. ಅವಳ ಮಾತು ಕೂಡ, ನೀರೊಳಗೆ ಮುಳುಗಿ ಕೇಳಿದ ಹಾಗೆ."

ಹುಡುಗಿ ಹಲಗೆಯ ಮೇಲಿನ ಬೆನ್ನು ಬಾಗಿದ ಜೀವವನ್ನು ನೋಡಿದಳು.

"ಹಾಗಾದ್ರೆ ನಾನು ಕೇಳಿದ್ದೆ," ಎಂದಳು.

ಮೇಷ್ಟ್ರು ಹೌದು ಎಂದರು. ಆಮೇಲೆ ಅವರ ಕಣ್ಣು ಕಿಟಕಿಯ ಕಡೆ ಹೋಯಿತು. ಸೀಮೆಸುಣ್ಣ ಹಿಡಿದ ಕೈ ಹಲಗೆಗೆ ತಾಗಿದಂತೆಯೇ ನಿಂತಿತು. ಹಿಂದಿನ ಬೆಂಚು ಪಿಸುಗುಟ್ಟಲಿಲ್ಲ. ಮೂವತ್ತನಾಲ್ಕು ಪೆನ್ನುಗಳು ಕಾಗದದ ಮೇಲೆ ಉಜ್ಜುವ ಸದ್ದು ಮಾತ್ರ ಕೋಣೆಯಲ್ಲಿತ್ತು.

ಗಂಟೆ ಹೊಡೆದದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಗಣಿತದ ಮೇಷ್ಟ್ರು ಬಗಲಲ್ಲಿ ಪುಸ್ತಕ, ಕೈಯಲ್ಲಿ ತಮ್ಮದೇ ಡಸ್ಟರು ಹಿಡಿದು ಒಳಗೆ ಬಂದರು. ಹಿಂದಿನ ಅವಧಿಯವರು ಬಾಗಿಲು ದಾಟುವ ಮೊದಲೇ ಹಲಗೆ ಒರೆಸಿಬಿಡುವ ಮನುಷ್ಯ. ಡಸ್ಟರು ಎತ್ತಿ ಹಲಗೆಯ ಮುಂದೆ ನಿಂತರು. ಚುಕ್ಕೆಯಿಂದ ಹಿಡಿದು ಬಳ್ಳಿಯ ಕೊನೆಯವರೆಗೆ ಒಮ್ಮೆ ನೋಡಿದರು. ತಿರುಗಿ, ಬಗ್ಗಿ ಬರೆದುಕೊಳ್ಳುತ್ತಿದ್ದ ತಲೆಗಳನ್ನು ನೋಡಿದರು. ಕಿಟಕಿಯಾಚೆ ನೋಡುತ್ತ ನಿಂತಿದ್ದ ವಿಜ್ಞಾನದ ಮೇಷ್ಟ್ರನ್ನು ನೋಡಿದರು. ಆಮೇಲೆ ಡಸ್ಟರನ್ನು ಮೇಜಿನ ಮೇಲಿಟ್ಟು, ಪಂಚೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದು, ಮೊಣಕಾಲು 'ಲಟಕ್' ಎನ್ನುವಂತೆ ಕುಕ್ಕರಗಾಲಲ್ಲಿ ಕೂತು, ಹಲಗೆಯ ಬುಡದಲ್ಲಿ ಉಳಿದಿದ್ದ ಒಂದು ಗೇಣು ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ, ಅವತ್ತಿನ ಮೊದಲ ಲೆಕ್ಕ ಬರೆಯತೊಡಗಿದರು.